ಆಳದ ಹೇಕ್, ದಡದ ಕಡೆಯ ಹೇಕ್: ನಮ್ಮ ಮೀನು ಸಾರಿಗೆ ಯಾವುದು ಸೈ?

ಮೊದಲೇ ಹೇಳಿಬಿಡುತ್ತೇನೆ. ಕೇಪ್‌ಟೌನಿನಲ್ಲಿ ಕೂತು ಕುಂದಾಪುರದ ಮೀನು ಸಾರು ಮಾಡುವವರಿಗೆ ನನ್ನ ಓಟು ಆಳದ ಸಮುದ್ರದ ಹೇಕ್ ಮೀನಿಗೆ, ಅದರಲ್ಲೂ ಹಡಗಿನಲ್ಲೇ ಫ್ರೀಜ್ ಮಾಡಿ ತಂದ ಸಣ್ಣ ಗಾತ್ರದ್ದಕ್ಕೆ. ಮಂಜುಗಡ್ಡೆಯ ಮೇಲೆ ಸಾಲಾಗಿ ಮಲಗಿಸಿಟ್ಟ ದಪ್ಪನೆಯ ‘ಫ್ರೆಶ್’ ಹೇಕ್ ನೋಡುವುದಕ್ಕೆ ಚಂದ, ಬೆಲೆಯೂ ಹೆಚ್ಚುಕಡಿಮೆ ಎರಡರಷ್ಟು. ಹೋದ ತಿಂಗಳು ನೆಂಟರು ಬಂದಾಗ ಅಂಥದ್ದೊಂದನ್ನು ತಂದು ಸಾರಿಗೆ ಹಾಕಿದೆವು. ಬಡಿಸುವ ಹೊತ್ತಿಗೆ ಪಾತ್ರೆಯಲ್ಲಿ ಉಳಿದದ್ದು ಚರ್ಮ, ಮುಳ್ಳು ಮತ್ತು ಗಂಜಿಯಂತಾದ ಮಸಾಲೆ. ಅಂಗಡಿಯವನನ್ನು ಕೇಳಿದರೆ ‘ಜಾಸ್ತಿ ಬೇಯಿಸಿದಿರೇನೋ’ ಅಂದ. ಮೀನು ಬೇಯಿಸುವುದನ್ನು ನಮಗೆ ಹೇಳಿಕೊಡಲು ಬಂದ ಅವನ ಧೈರ್ಯಕ್ಕೆ ಮೆಚ್ಚಬೇಕು.

ಇಲ್ಲಿ ಹೇಕ್ ಎಂದು ಮಾರುವುದು ಒಂದೇ ಮೀನನ್ನಲ್ಲ, ಎರಡನ್ನು. ದಡದ ಕಡೆಯದು ಮೆರ್ಲುಸಿಯಸ್ ಕ್ಯಾಪೆನ್ಸಿಸ್, ಆಳದ್ದು ಮೆರ್ಲುಸಿಯಸ್ ಪ್ಯಾರಡಾಕ್ಸಸ್. ಕ್ಯಾಪೆನ್ಸಿಸ್‌ಗೆ 1861ರಲ್ಲೇ ಹೆಸರಿಟ್ಟಾಗಿತ್ತು. ಆಳದ್ದು ಬೇರೆಯೇ ಜಾತಿ ಎಂದು ಅದಕ್ಕೆ ಹೆಸರು ಬಂದದ್ದು 1960ರಲ್ಲಿ. ಅಷ್ಟು ವರ್ಷ ಯಾರಿಗೂ ಗೊತ್ತಾಗದಷ್ಟು ಇವೆರಡೂ ಒಂದನ್ನೊಂದು ಹೋಲುತ್ತವೆ: ಉದ್ದನೆಯ ಬೂದು ಬೆಳ್ಳಿ ಮೈ, ಅಗಲ ಬಾಯಿ, ಚೂಪು ಹಲ್ಲು. ನಮ್ಮ ಅರಬ್ಬಿ ಸಮುದ್ರದಲ್ಲಿ ಈ ಕುಲದ ಮೀನೇ ಇಲ್ಲ. ಹಾಗಾಗಿ ಮಲ್ಪೆ, ಗಂಗೊಳ್ಳಿಯ ಬಂದರಿನಲ್ಲಿ ಬೆಳೆದ ಕಣ್ಣು ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ವ್ಯತ್ಯಾಸ ಇರುವುದು ಅವು ಬದುಕುವ ಜಾಗದಲ್ಲಿ. ಬೆಂಗ್ವೆಲಾ ಪ್ರವಾಹದ ತಣ್ಣೀರು ಆಫ್ರಿಕಾದ ಪಶ್ಚಿಮ ಕರಾವಳಿಗುಂಟ ಹರಿಯುತ್ತದಲ್ಲ, ಎರಡಕ್ಕೂ ಮುಖ್ಯ ನೆಲೆ ಅದೇ. ಕ್ಯಾಪೆನ್ಸಿಸ್ ಹೆಚ್ಚಾಗಿ 100ರಿಂದ 300 ಮೀಟರ್ ಆಳದ ಸಪಾಟು ತಳದಲ್ಲಿ ಇರುತ್ತದೆ. ಪ್ಯಾರಡಾಕ್ಸಸ್ ಸಮುದ್ರದ ತಳ ಇಳಿಜಾರಾಗುವ ಅಂಚಿನಲ್ಲಿ, ಸುಮಾರು 200 ಮೀಟರಿನಿಂದ ಶುರುವಾಗಿ 800 ಮೀಟರಿನ ತನಕ ಇಳಿಯುತ್ತದೆ. ಎರಡಕ್ಕೂ ಬೆಳೆದ ಹಾಗೆ ಆಳಕ್ಕೆ ಹೋಗುವ ರೂಢಿ. ಇದರಿಂದ ಒಂದು ವಿಚಿತ್ರ ನೆರೆಹೊರೆ ಹುಟ್ಟುತ್ತದೆ. ಆ ಇಳಿಜಾರಿನ ಅಂಚಿನಲ್ಲಿ ಪ್ರಾಯಕ್ಕೆ ಬಂದ ದೊಡ್ಡ ಕ್ಯಾಪೆನ್ಸಿಸ್‌ಗಳೂ ಇನ್ನೂ ಎಳೆಯ ಪ್ಯಾರಡಾಕ್ಸಸ್‌ಗಳೂ ಒಂದೇ ಓಣಿಯಲ್ಲಿ ಇರುತ್ತವೆ, ದೊಡ್ಡವು ಎಳೆಯವನ್ನು ನುಂಗುತ್ತವೆ. ಸ್ವಂತ ಜಾತಿಯ ಮರಿಗಳನ್ನೂ ಬಿಡುವುದಿಲ್ಲ. ನಾನು ಒಮ್ಮೆ ಬಂದರಿನಲ್ಲಿ ಒಂದು ದೊಡ್ಡ ಹೇಕ್‌ನ ಹೊಟ್ಟೆ ಸೀಳುವುದನ್ನು ನೋಡಿದ್ದೆ, ಒಳಗೆ ಅಂಗೈಯುದ್ದದ ಇನ್ನೊಂದು ಹೇಕ್, ಕಣ್ಣು ಇನ್ನೂ ಮಾಸಿರಲಿಲ್ಲ.

ಹಗಲೆಲ್ಲ ತಳಕ್ಕೆ ಅಂಟಿಕೊಂಡಿದ್ದು, ಕತ್ತಲಾದ ಮೇಲೆ ಮೇಲೇರಿ ಬೇಟೆಯಾಡುವುದು ಇವುಗಳ ದಿನಚರಿ. ಮೈಯಲ್ಲಿ ಬೆಳಕು ಸೂಸುವ ಪುಟ್ಟ ಲ್ಯಾಂಟರ್ನ್ ಮೀನು, ಬೊಂಡಾಸ್ ಇವು ಆಳದ್ದರ ಮುಖ್ಯ ಊಟ. ತಳಕ್ಕೆ ಬಲೆ ಎಳೆಯುವ ಟ್ರಾಲರ್‌ಗಳು ಹಗಲಿನಲ್ಲೇ ಬಲೆ ಬಿಡುವುದು ಇದೇ ಕಾರಣಕ್ಕೆ. ಪ್ಯಾರಡಾಕ್ಸಸ್ ಮೊಟ್ಟೆ ಇಡುವುದು ದಕ್ಷಿಣ ಆಫ್ರಿಕಾದ ತುದಿಯ ಕಡೆ. ಮೊಟ್ಟೆ, ಮರಿಗಳನ್ನು ಪ್ರವಾಹವೇ ಪಶ್ಚಿಮ ಕರಾವಳಿಗೆ ಹೊತ್ತುಕೊಂಡು ಹೋಗುತ್ತದೆ. ನಮೀಬಿಯಾದಲ್ಲಿ ಸಿಗುವ ಆಳದ ಹೇಕ್ ಕೂಡ ಇಲ್ಲಿ ಹುಟ್ಟಿ ಅತ್ತ ಹೋದದ್ದು ಎಂದು ಅಧ್ಯಯನ ಮಾಡಿದವರ ಅಭಿಪ್ರಾಯ.

ಇಷ್ಟೆಲ್ಲ ಗೊತ್ತಿದ್ದೂ ಅಂಗಡಿಯಲ್ಲಿ ನಿಂತಾಗ ತಲೆ ಕೆಡುತ್ತದೆ. ಯಾವುದು ಯಾವುದು ಎಂದು ಕಂಡುಹಿಡಿಯುವುದು ಹೇಗೆ? ಬರಿಗಣ್ಣಿಗೆ ಸಿಗುವ ನಂಬಿಕಸ್ಥ ಗುರುತು ಕಿವಿರಿನೊಳಗೆ ಇದೆ. ಕಿವಿರು ಮುಚ್ಚಳ ಎತ್ತಿ ಮೊದಲ ಕಮಾನು ನೋಡಿದರೆ, ಅದರ ಒಳಬದಿಯ ಮುಳ್ಳುಗಳ ಮೇಲೆ ಕಪ್ಪು ಕಲೆ ಇದ್ದರೆ ಪ್ಯಾರಡಾಕ್ಸಸ್. ಕಲೆ ಇಲ್ಲದೆ ಬೆಳ್ಳಗಿದ್ದರೆ ಕ್ಯಾಪೆನ್ಸಿಸ್. ಬಂದರಿನಲ್ಲಿ ಕೆಲಸ ಮಾಡುವ ಪರಿಚಯದವರೊಬ್ಬರು ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದಾಗ, ಇಂಕ್ ಪೆನ್ನಿನ ತುದಿ ತಾಗಿಸಿದಂಥ ಆ ಕಲೆಗಳು ಸರಿಯಾಗಿ ಕಂಡವು. ಬಹಳ ಸುಲಭ. ಆದರೆ ಇಲ್ಲಿ ಹೇಕ್ ಮಾರುವುದು ತಲೆ ಕತ್ತರಿಸಿ! ಹಡಗಿನಲ್ಲೇ ತಲೆ, ಹೊಟ್ಟೆ ತೆಗೆದು ಬಿಡುತ್ತಾರೆ. ತಲೆಯ ಜೊತೆ ಕಿವಿರೂ ಹೋಯಿತು, ಗುರುತೂ ಹೋಯಿತು.

ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಮೀನು ತೋರಿಸಿದರೆ ಅವರ ಮೊದಲ ಪ್ರಶ್ನೆಯೇ, ‘ತಲಿ ಇಲ್ದಿದ್ ಮೀನ್ ಎಂತ ನೋಡಿ ತಕಂಡೆ ಮಗಾ?’ ನ್ಯಾಯವಾದ ಪ್ರಶ್ನೆ. ಊರಲ್ಲಿ ಕಿವಿರು ಎತ್ತಿ ಕೆಂಪು ನೋಡದೆ ಬಂಗುಡೆ ಕೂಡ ಚೀಲಕ್ಕೆ ಬೀಳುವುದಿಲ್ಲ. ಇಲ್ಲಿ ತಾಜಾತನಕ್ಕೂ ಜಾತಿಗೂ ಅಂಗಡಿಯವನ ಮಾತೇ ಗತಿ. ಅವನಿಗೋ ಹೇಕ್ ಅಂದರೆ ಹೇಕ್ ಅಷ್ಟೆ.

ಸರಿ, ಪೆಟ್ಟಿಗೆಯ ಲೇಬಲ್ ಓದೋಣ ಎಂದರೆ ಅಲ್ಲಿ ಇನ್ನೊಂದು ತಮಾಷೆ. ಲ್ಯಾಟಿನ್ ಹೆಸರು ಹಾಕಿರುತ್ತಾರೆ, ಎರಡನ್ನೂ, ನಡುವೆ ಒಂದು ಓರೆಗೆರೆ. ಅಂದರೆ ಇದೂ ಇರಬಹುದು, ಅದೂ ಇರಬಹುದು. ಇದರಲ್ಲಿ ಕಂಪನಿಯವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಮೀನುಗಾರಿಕೆಯ ಲೆಕ್ಕ ಇಡುವ ವಿಜ್ಞಾನಿಗಳಿಗೇ ವ್ಯಾಪಾರಕ್ಕೆ ಹಿಡಿದ ಮೀನಿನಲ್ಲಿ ಎರಡನ್ನು ಬೇರೆ ಮಾಡಿ ಕೊಡುವವರಿಲ್ಲ. ಬಲೆ ಎಷ್ಟು ಆಳದಲ್ಲಿ ಬಿತ್ತು, ಮೀನಿನ ಗಾತ್ರ ಎಷ್ಟು ಎಂಬುದರ ಮೇಲೆ, ಸಂಶೋಧನಾ ಹಡಗಿನ ಸಮೀಕ್ಷೆಗೆ ಹೋಲಿಸಿ, ಇಷ್ಟು ಪಾಲು ಇದು, ಇಷ್ಟು ಪಾಲು ಅದು ಎಂದು ಅಂದಾಜು ಹಾಕುತ್ತಾರೆ.

ನಾನೂ ಅದೇ ಉಪಾಯ ಹಿಡಿದೆ. ಜಾತಿ ಕೇಳುವುದು ಬಿಟ್ಟು ಹಡಗು ಕೇಳುತ್ತೇನೆ. ಕೇಪ್‌ಟೌನ್, ಸಾಲ್ಡಾನಾದಿಂದ ಹೊರಡುವ ದೊಡ್ಡ ಡೀಪ್ ಸೀ ಟ್ರಾಲರ್‌ಗಳು ಬಲೆ ಎಳೆಯುವುದು ಇಳಿಜಾರಿನ ಅಂಚಿನಲ್ಲಿ, ಅವುಗಳ ಹೇಕ್‌ನಲ್ಲಿ ಬಹುಪಾಲು ಪ್ಯಾರಡಾಕ್ಸಸ್. ಮಾಸೆಲ್ ಬೇ ಕಡೆಯಿಂದ ದಡಕ್ಕೆ ಹತ್ತಿರದಲ್ಲಿ ಹಿಡಿಯುವ ಸಣ್ಣ ಟ್ರಾಲರ್‌ಗಳ ಮೀನು ಹೆಚ್ಚಾಗಿ ಕ್ಯಾಪೆನ್ಸಿಸ್. ಪೆಟ್ಟಿಗೆಯ ಮೇಲೆ ‘ಸೀ ಫ್ರೋಜನ್’ ಎಂದಿದ್ದು, ಮೀನು ಮೊಣಕೈಯುದ್ದಕ್ಕಿಂತ ಕಡಿಮೆ ಇದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೇನೆ. ನೂರಕ್ಕೆ ನೂರು ಗ್ಯಾರಂಟಿ ಇಲ್ಲ, ನಮ್ಮ ಸಾರಿಗೆ ಅಷ್ಟು ಸಾಕು.

ಇನ್ನು ಕರಗುವ ವಿಷಯ. ಎರಡೂ ಹೇಕ್‌ಗಳ ಮಾಂಸ ಮೆದು, ಕೊಬ್ಬು ತೀರಾ ಕಡಿಮೆ, ಅಂಜಲ್‌ನ ಗಟ್ಟಿತನ ನಿರೀಕ್ಷಿಸಬಾರದು. ಕಾಣೆ ಮೀನು ಇಷ್ಟಪಡುವವರಿಗೆ ಹಿಡಿಸುತ್ತದೆ. ಆದರೆ ಮೆದು ಬೇರೆ, ಕರಗುವುದು ಬೇರೆ. ಕುಡೋವಾ ಎಂಬ ಕಣ್ಣಿಗೆ ಕಾಣದ ಪರಾವಲಂಬಿ ಜೀವಿಗಳ ಗುಂಪೊಂದಿದೆ, ಮೀನಿನ ಸ್ನಾಯುವಿನೊಳಗೆ ಮನೆ ಮಾಡುತ್ತವೆ. ಮೀನು ಬದುಕಿರುವಾಗ ಏನೂ ಗೊತ್ತಾಗುವುದಿಲ್ಲ. ಸತ್ತ ಮೇಲೆ ಅವು ಬಿಡುವ ಕಿಣ್ವ ಮಾಂಸವನ್ನು ಒಳಗಿಂದಲೇ ಅರೆದು ಹಾಕುತ್ತದೆ. ಇಲ್ಲಿಯವರು ಸ್ನೂಕ್ ಮೀನು ಹೀಗಾದರೆ ‘ಪಾಪ್ ಸ್ನೂಕ್’ ಎಂದು ಎಸೆಯುತ್ತಾರೆ, ಹೇಕ್‌ಗೂ ಈ ಕಾಟ ತಪ್ಪಿದ್ದಲ್ಲ. ಮಂಜುಗಡ್ಡೆಯ ಮೇಲೆ ದಿನಗಟ್ಟಲೆ ಬಂದ ಮೀನಿನಲ್ಲಿ ಕಿಣ್ವಕ್ಕೆ ಬೇಕಾದಷ್ಟು ಪುರುಸೊತ್ತು. ಬಲೆಯಿಂದ ಎತ್ತಿದ ಕೆಲವೇ ಗಂಟೆಗಳಲ್ಲಿ ಫ್ರೀಜ್ ಆದದ್ದರಲ್ಲಿ ಆ ಕೆಲಸ ಕರಗಿಸುವ ತನಕ ನಿಂತಿರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಆಳದ್ದು ಗೆದ್ದದ್ದು ಅದು ಆಳದ್ದು ಎಂಬ ಕಾರಣಕ್ಕಿಂತ, ಅದನ್ನು ಹಿಡಿಯುವ ಹಡಗಿನಲ್ಲೇ ಫ್ರೀಜರ್ ಇದೆ ಎಂಬ ಕಾರಣಕ್ಕೆ. ಕ್ಯಾಪೆನ್ಸಿಸ್ ಕೂಡ ಹಡಗಿನಲ್ಲೇ ಫ್ರೀಜ್ ಆಗಿ ಸಣ್ಣ ಅಂಗಡಿಗೆ ಬಂದಿದ್ದರೆ ಪಂದ್ಯ ಬೇರೆಯಾಗುತ್ತಿತ್ತು.

ಫ್ರೀಜ್ ಮಾಡಿದ್ದಕ್ಕೂ ಒಂದು ಕುಂದು ಇದೆ. ಹೇಕ್ ತರದ ಮೀನುಗಳನ್ನು ತುಂಬಾ ದಿನ ಇಟ್ಟರೆ ಒಳಗೆ ಸ್ವಲ್ಪ ಸ್ವಲ್ಪವಾಗಿ ಫಾರ್ಮಾಲ್ಡಿಹೈಡ್ ಹುಟ್ಟಿ ಮಾಂಸ ಸ್ಪಂಜಿನಂತೆ ಒರಟಾಗುತ್ತದೆ. ಮನೆಯ ಫ್ರಿಜ್ಜಿನ ಮೇಲಿನ ಅರೆಯ ತಂಪು ಸಾಲದು. ಒಂದೆರಡು ತಿಂಗಳೊಳಗೆ ಮುಗಿಸಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಒಳಗಿಡಬೇಡಿ.

ಸಾರು ಮಾಡುವಾಗ: ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ, ಬೆಳಿಗ್ಗೆ ನೀರು ಬಸಿದು, ಚರ್ಮ ಸಮೇತ ಎರಡು ಬೆರಳು ದಪ್ಪದ ತುಂಡು ಮಾಡಿ, ಉಪ್ಪು ಅರಿಶಿನ ಹಚ್ಚಿ ಅರ್ಧ ಗಂಟೆ ಇಡಿ. ಆಗ ಮತ್ತೊಮ್ಮೆ ನೀರು ಬಿಡುತ್ತದೆ, ಅದನ್ನು ಚೆಲ್ಲಿ. ಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ ಅರೆದ ಮಸಾಲೆ ಚೆನ್ನಾಗಿ ಕುದಿದು ಹಸಿ ವಾಸನೆ ಹೋದ ಮೇಲೆಯೇ ಮೀನು. ಸೌಟು ಹಾಕಲೇಬಾರದು, ಪಾತ್ರೆಯ ಕಿವಿ ಹಿಡಿದು ಒಂದು ಸುತ್ತು ತಿರುಗಿಸಿ. ಒಂದು ಕುದಿ ಬಂದು ಅಂಚು ಬೆಳ್ಳಗಾದರೆ ಒಲೆ ಆರಿಸಿ.

ದೊಡ್ಡ ಕ್ಯಾಪೆನ್ಸಿಸ್ ಗೆಲ್ಲುವುದು ರವಾ ಫ್ರೈಗೆ. ದಪ್ಪ ತುಂಡು, ಮುಳ್ಳು ಬಿಡಿಸುವುದು ಸಲೀಸು, ಮಕ್ಕಳಿಗೆ ಇದೇ ಬೇಕು. ಕಿಂಗ್‌ಕ್ಲಿಪ್ ಎರಡಕ್ಕಿಂತ ರುಚಿ, ದುಡ್ಡಿದ್ದವರ ಮೀನು. ಸ್ನೂಕ್ ಕೆಂಡದ ಮೇಲೆ ಸುಟ್ಟು ತಿನ್ನಲಿಕ್ಕೆ ಮಾತ್ರ, ಅದರ ಎಣ್ಣೆ ವಾಸನೆ ನಮ್ಮ ಮಸಾಲೆಗೆ ಹೊಂದದು. ಹೇಕ್‌ನಲ್ಲಿ ಹುಳ ಕಾಣಿಸಿತು ಎಂದು ಹೆದರುವವರಿಗೆ: ಹಡಗಿನ ಫ್ರೀಜರಿನ ತಂಪಿಗೂ ಕುದಿಗೂ ಅದು ಉಳಿಯುವುದಿಲ್ಲ. ಇಲ್ಲಿನ ಹೇಕ್ ಟ್ರಾಲರ್ ಮೀನುಗಾರಿಕೆಗೆ 2004ರಿಂದ, ಮೀನಿನ ಸಂತತಿ ಉಳಿಯುವ ಹಾಗೆ ಹಿಡಿಯುವವರಿಗೆ ಮಾನ್ಯತೆ ಕೊಡುವ ಎಂಎಸ್‌ಸಿ ಸಂಸ್ಥೆಯ ನೀಲಿ ಮುದ್ರೆ ಇದೆ, ನನಗೆ ಅದೊಂದು ಸಮಾಧಾನ.

ಎರಡು ಜನರ ಮನೆ, ತಿಂಗಳಿಗೊಮ್ಮೆ ಫ್ರೈ ಅಂದರೆ ದೊಡ್ಡದನ್ನೇ ಕೊಳ್ಳಿ, ನನ್ನ ಲೆಕ್ಕ ನಿಮಗೆ ಬೇಡ. ನಮ್ಮಲ್ಲಿ ವಾರದ ನಡುವೆಯೂ ಮೀನು ಆಗಬೇಕು, ಆಫೀಸು ಮುಗಿಸಿ ಬಂದರಿಗೆ ಹೋಗುವಷ್ಟು ಹೊತ್ತಿಲ್ಲ, ಬಜೆಟ್ ಬಿಗಿ. ಹಾಗಾಗಿ ಆಳದ್ದರ ಇಡೀ ಪೆಟ್ಟಿಗೆಯನ್ನೇ ಪಕ್ಕದ ಮನೆಯ ಮಲಯಾಳಿಗಳ ಜೊತೆ ಪಾಲು ಹಾಕಿ ತರುತ್ತೇವೆ. ಅವರಿಗೆ ಬಾಲದ ಕಡೆ ಬೇಕು, ನಮಗೆ ನಡು. ಇಲ್ಲಿಯವರೆಗೆ ಜಗಳವಾಗಿಲ್ಲ.