ಡಿಸೆಂಬರ್ ಸೀಸನ್‌ಗೆ ಚೆನ್ನೈಗೆ ಹೊರಟವರೇ, ‘ಕಛೇರಿ ಪ್ಯಾಕೇಜ್’ಗೆ ದುಡ್ಡು ಕಟ್ಟಬೇಡಿ

ದಸರೆ ಮುಗಿಯುತ್ತಿದ್ದ ಹಾಗೆ ಸಂಗೀತದ ವಾಟ್ಸಾಪ್ ಗುಂಪುಗಳಲ್ಲಿ ಚೆನ್ನೈನ ‘ಡಿಸೆಂಬರ್ ಸೀಸನ್’, ಅಂದರೆ ಅಲ್ಲಿನ ಕರ್ನಾಟಕ ಸಂಗೀತೋತ್ಸವದ ಬಗ್ಗೆ ಒಂದು ಮೆಸೇಜು ಓಡಾಡಲು ಶುರುವಾಗುತ್ತದೆ. ಮೈಲಾಪುರದಲ್ಲಿ ರೂಮು, ದೊಡ್ಡ ಸಭಾಗಳ (ಕಛೇರಿ ಏರ್ಪಡಿಸುವ ಸಂಸ್ಥೆಗಳ) ಸಂಜೆ ಕಛೇರಿಗಳಿಗೆ ಸೀಸನ್ ಪಾಸು, ಒಂದು ದಿನ ಹೆಸರಾಂತ ವಿದ್ವಾಂಸರ ಮನೆಯಲ್ಲೇ ಕೂತು ಕೇಳುವ ಕಛೇರಿ, ಎಲ್ಲ ಸೇರಿ ತಲೆಗೆ ಇಷ್ಟು ಅಂತ. ಕಳೆದ ಡಿಸೆಂಬರಿನಲ್ಲಿ ನನಗೂ ನನ್ನ ದೊಡ್ಡಮ್ಮನಿಗೂ ಇಂಥದ್ದೇ ಪ್ಯಾಕೇಜಿನ ಹೆಸರಲ್ಲಿ ಮೋಸವಾಯಿತು. ಈ ವರ್ಷ ಅದೇ ಒಕ್ಕಣೆ, ಬೇರೆ ಫೋನ್ ನಂಬರಿನೊಂದಿಗೆ, ಮತ್ತೆ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡಮ್ಮ ಮೈಸೂರಿನವರು, ಚಿಕ್ಕಂದಿನಿಂದ ವೀಣೆ ನುಡಿಸಿದವರು. ರಾಮನವಮಿ ಬಂತೆಂದರೆ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಚಪ್ಪರ, ಗಣೇಶನ ಹಬ್ಬಕ್ಕೆ ಮೈಸೂರಿನ ಎಂಟನೇ ಕ್ರಾಸಿನ ಕಛೇರಿಗಳು. ಆದರೆ ಮದ್ರಾಸಿನ ಸೀಸನ್ ಮಾತ್ರ ಅವರಿಗೆ ರೇಡಿಯೋದಲ್ಲಿ ಕೇಳಿದ, ಪೇಪರಿನಲ್ಲಿ ಓದಿದ ಸಂಗತಿಯಾಗಿಯೇ ಉಳಿದಿತ್ತು. 1927ರ ಕಾಂಗ್ರೆಸ್ ಅಧಿವೇಶನದ ಜೊತೆಗೆ ನಡೆದ ಸಂಗೀತ ಸಮ್ಮೇಳನದಿಂದ ಮರುವರ್ಷ ಹುಟ್ಟಿಕೊಂಡ ಮ್ಯೂಸಿಕ್ ಅಕಾಡೆಮಿ, 1957ರಲ್ಲಿ ಪಿಟೀಲಿನ ಚೌಡಯ್ಯನವರಿಗೆ, 1984ರಲ್ಲಿ ವೀಣೆಯ ದೊರೆಸ್ವಾಮಿ ಅಯ್ಯಂಗಾರರಿಗೆ, 1995ರಲ್ಲಿ ಗಾಯಕ ಆರ್.ಕೆ. ಶ್ರೀಕಂಠನ್ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟ ಸಭೆ. ಆ ಜಾಗದಲ್ಲಿ ಒಮ್ಮೆ ಕೂತು ಕೇಳಬೇಕು ಅನ್ನುವುದು ಅವರ ಬಹಳ ಕಾಲದ ಆಸೆ. ನನಗೆ ಕೆಲವು ದಿನ ರಜೆ ಸಿಕ್ಕಿತು. ಹೊರಟೆವು.

ಮೆಸೇಜು ಬಂದದ್ದು ಪರಿಚಯದವರೇ ತುಂಬಿದ್ದ ಗುಂಪಿನಲ್ಲಿ. ಸಭಾಗಳ ಕಾರ್ಯಕ್ರಮ ಪಟ್ಟಿ ಇತ್ತು, ಹಿಂದಿನ ವರ್ಷ ಹೋಗಿಬಂದವರದ್ದು ಎನ್ನಲಾದ ಫೋಟೋಗಳಿದ್ದವು. ಫೋನಿನಲ್ಲಿ ಮಾತಾಡಿದ ವ್ಯಕ್ತಿ ಅಚ್ಚ ಕನ್ನಡದವನು, ರಾಗ ತಾಳದ ಮಾತು ಬಲ್ಲವನು. “ಅಮ್ಮಾ, ನಿಮಗೆ ಮೆಟ್ಟಿಲು ಹತ್ತೋದು ಕಷ್ಟ ಆದ್ರೆ ಹೇಳಿ, ಕೆಳಗಿನ ಸಾಲಿನ ಸೀಟೇ ಹಾಕಿಸ್ತೀನಿ” ಅಂತ ದೊಡ್ಡಮ್ಮನಿಗೆ ಹೇಳಿದ. ತಲೆಗೆ 12,000 ರೂಪಾಯಿ. ಪೂರ್ತಿ ಹಣ ಮುಂಗಡ, ಅದೂ ಒಬ್ಬ ವ್ಯಕ್ತಿಯ ಹೆಸರಿನ ಯುಪಿಐ ಖಾತೆಗೆ. ರಸೀದಿ ಅಂತ ಬಂದದ್ದು ಒಂದು ಚಿತ್ರ, ಅದರಲ್ಲಿ ವಿಳಾಸವೂ ಇಲ್ಲ, ಜಿಎಸ್‌ಟಿ ನಂಬರೂ ಇಲ್ಲ. ಒಬ್ಬನ ಖಾತೆಗೆ ಪೂರ್ತಿ ಮುಂಗಡ, ವಿಳಾಸವಿಲ್ಲದ ರಸೀದಿ, ಈ ಎರಡನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಈ ವರ್ಷದ ಮೆಸೇಜಿನಲ್ಲೂ ಇವೆರಡು ಹಾಗೇ ಇವೆ.

ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಿಗ್ಗೆ ಸೆಂಟ್ರಲ್‌ನಲ್ಲಿ ಇಳಿದ ಮೇಲೆ ರೂಮಿನ ವಿಳಾಸ ಕಳಿಸಿದ. ಮೈಲಾಪುರದ ಕಪಾಲೀಶ್ವರನ ಗುಡಿಗೆ ನಡೆದೇ ಹೋಗಬಹುದು ಅಂದಿದ್ದ ರೂಮು ಇದ್ದದ್ದು ಪಲ್ಲಾವರದ ಆಚೆ, ವಿಮಾನ ನಿಲ್ದಾಣವನ್ನೂ ದಾಟಿ. ಮೈಲಾಪುರದಲ್ಲಿ ಕೊನೇ ಗಳಿಗೆಯಲ್ಲಿ ಏನೋ ತೊಂದರೆಯಾಯಿತಂತೆ, ಗಾಡಿ ಕಳಿಸುತ್ತೇನೆ ಅಂದ. ಗಾಡಿ ಬರಲಿಲ್ಲ. ಮೈಲಾಪುರದಲ್ಲಿ ಉಳಿಯುವುದಕ್ಕೂ ದೂರದಲ್ಲಿ ಉಳಿಯುವುದಕ್ಕೂ ಇರುವ ವ್ಯತ್ಯಾಸ ಸೀಸನ್‌ಗೆ ಹೋದವರಿಗೆ ಗೊತ್ತು. ಬೆಳಿಗ್ಗೆ ಎಂಟಕ್ಕೆ ಉಪನ್ಯಾಸ, ಮಧ್ಯಾಹ್ನ ಕಛೇರಿ, ನಡುವೆ ಒಂದಿಷ್ಟು ಕಾಲು ಚಾಚಿ ಮತ್ತೆ ಸಂಜೆಗೆ ಹೊರಡಬೇಕು. ವಯಸ್ಸಾದವರಿಗೆ ಆ ಮಧ್ಯದ ವಿಶ್ರಾಂತಿ ಇಲ್ಲದಿದ್ದರೆ ಇಡೀ ದಿನ ಕೈಬಿಟ್ಟ ಹಾಗೆ.

ಆ ಸಂಜೆ ಒಂದು ಸಭಾದ ಬಾಗಿಲಲ್ಲಿ ನಮ್ಮ ಪಾಸು ತೋರಿಸಿದೆವು. ನೋಡಿಕೊಳ್ಳುತ್ತಿದ್ದ ಹಿರಿಯರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಮಾಮಿ, ಇದು ಕಲರ್ ಜೆರಾಕ್ಸು” ಅಂದರು. ಸೀಟಿನ ನಂಬರು ನಿಜವಾದದ್ದೇ. ಆ ಸೀಟಿನಲ್ಲಿ ಅಸಲಿ ಸೀಸನ್ ಟಿಕೆಟ್ಟಿನವರು ಆಗಲೇ ಕೂತಿದ್ದರು. ನಮಗಿಂತ ಮೊದಲೇ ಇನ್ನೊಂದು ಕುಟುಂಬ ಅದೇ ನಂಬರಿನ ಜೆರಾಕ್ಸು ಹಿಡಿದು ಬಂದು ವಾಪಸು ಹೋಗಿತ್ತಂತೆ, ಅವರೂ ನಮ್ಮ ಕಡೆಯವರೇ. ಅಂದರೆ ಒಂದು ಟಿಕೆಟ್ಟಿನ ಫೋಟೋ ಇಟ್ಟುಕೊಂಡು ಎಷ್ಟು ಜನಕ್ಕೆ ಮಾರಿದ್ದನೋ. ಆ ಹಿರಿಯರು ನಮ್ಮನ್ನು ಗದರಲಿಲ್ಲ. ಕುರ್ಚಿ ತರಿಸಿ ದೊಡ್ಡಮ್ಮನನ್ನು ಕೂರಿಸಿ ನೀರು ಕೊಟ್ಟರು. ಒಳಗೆ ಕಛೇರಿಯ ಆರಂಭದ ವರ್ಣ ಶುರುವಾದದ್ದು ಹೊರಗೆ ಕೇಳುತ್ತಿತ್ತು. ಫೋನ್ ಮಾಡಿದರೆ ಸ್ವಿಚ್ ಆಫ್. ರಾತ್ರಿಯ ಹೊತ್ತಿಗೆ ಅವನು ಗುಂಪಿನಿಂದ ಹೊರಗೆ ಹೋಗಿದ್ದ, ಮೆಸೇಜುಗಳನ್ನೂ ಅಳಿಸಿದ್ದ.

ವಿದ್ವಾಂಸರ ಮನೆಯ ಕಛೇರಿ ಅಂತ ಹೇಳಿದ್ದನಲ್ಲ, ಅದರ ವಿಷಯ ಕೇಳಿದರೆ ಇನ್ನೂ ಬೇಸರವಾಗುತ್ತದೆ. ಆ ಕಲಾವಿದರ ಶಿಷ್ಯರೊಬ್ಬರನ್ನು ವಿಚಾರಿಸಿದಾಗ, ಅಂಥ ಕಾರ್ಯಕ್ರಮ ಇಲ್ಲವೇ ಇಲ್ಲ, ಗುರುಗಳಿಗೆ ಇದು ಗೊತ್ತೂ ಇಲ್ಲ ಅಂದರು. ಕಲಾವಿದರ ಹೆಸರನ್ನು ಅವರಿಗೇ ತಿಳಿಯದ ಹಾಗೆ ಮಾರಾಟಕ್ಕಿಟ್ಟಿದ್ದ.

ಇಷ್ಟೆಲ್ಲದರಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು ಬೇರೆ. ನಮಗೆ ಕೊಟ್ಟ ಪಾಸುಗಳಲ್ಲಿ ‘ಮಧ್ಯಾಹ್ನದ ವಿಶೇಷ ಕಛೇರಿ’ ಅಂತ ಒಂದು ಕಟ್ಟು ಇತ್ತು. ಸೀಸನ್‌ನಲ್ಲಿ ಹೆಚ್ಚಿನ ಸಭಾಗಳ ಮಧ್ಯಾಹ್ನದ ಕಛೇರಿಗೆ ಟಿಕೆಟ್ಟೇ ಇಲ್ಲ! ಯಾರು ಬೇಕಾದರೂ ಹೋಗಿ ಕೂರಬಹುದು. ಮೈಲಾಪುರದ ಭಾರತೀಯ ವಿದ್ಯಾಭವನದಲ್ಲಿ ಉಚಿತ ಕಛೇರಿಗಳು ಎಷ್ಟೋ ನಡೆಯುತ್ತವೆ. ಅಕಾಡೆಮಿಯಲ್ಲಿ ಬೆಳಗಿನ ಹೊತ್ತು, ಆ ವರ್ಷದ ಸಂಗೀತ ಕಲಾನಿಧಿಯಾಗುವವರ ಅಧ್ಯಕ್ಷತೆಯಲ್ಲಿ ನಡೆಯುವ ಉಪನ್ಯಾಸ, ಪ್ರಾತ್ಯಕ್ಷಿಕೆಗಳಿಗೂ ದುಡ್ಡಿಲ್ಲ. ಧನುರ್ಮಾಸದ ನಸುಕಿನಲ್ಲಿ ಕಪಾಲೀಶ್ವರನ ಗುಡಿಯ ಸುತ್ತಲಿನ ಮಾಡಬೀದಿಗಳಲ್ಲಿ ಭಜನೆ ಹಾಡುತ್ತ ಸುತ್ತುತ್ತಾರೆ. ವಾಗ್ಗೇಯಕಾರ ಪಾಪನಾಶಂ ಶಿವನ್ ಅವರು ವರ್ಷಗಟ್ಟಲೆ ಮುಂದೆ ನಿಂತು ಹಾಡಿಸಿದ ಭಜನೆ ಅದು. ಜೊತೆಗೆ ನಡೆಯಲು ಯಾರ ಅಪ್ಪಣೆಯೂ ಬೇಡ. ಊರು ಕೈಬೀಸಿ ಕರೆದು ಕೊಡುವುದನ್ನು ಇವನು ಪಾಸು ಅಚ್ಚುಹಾಕಿಸಿ ನಮಗೆ ಮಾರಿದ್ದ.

ಮಾರನೆಯ ದಿನ ರೂಮು ಬಿಟ್ಟು ಮಾಂಬಲಂ ಹತ್ತಿರ ಬೇರೆ ಲಾಡ್ಜು ಹಿಡಿದೆವು. ಅಲ್ಲಿಂದ ಟಿ. ನಗರದ ಕೃಷ್ಣ ಗಾನ ಸಭಾ, ವಾಣಿ ಮಹಲ್ ಎರಡಕ್ಕೂ ಆಟೋದಲ್ಲಿ ಸ್ವಲ್ಪವೇ ಹೊತ್ತು. ಒಂದು ಮಧ್ಯಾಹ್ನ ಅರ್ಧ ಖಾಲಿ ಹಾಲಿನಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಬೇಗಡೆ ರಾಗವನ್ನು ಅವಸರವಿಲ್ಲದೆ, ಮಧ್ಯಮ ನಿಷಾದ ಸ್ವರಗಳನ್ನು ಅವುಗಳ ಜಾಗದಲ್ಲೇ ನಿಲ್ಲಿಸಿ ಹಾಡಿದಳು. ದೊಡ್ಡಮ್ಮ ಕಣ್ಣುಮುಚ್ಚಿ ತಾಳ ಹಾಕುತ್ತಿದ್ದರು. ಕೊನೆಯಲ್ಲಿ ಪುರಂದರದಾಸರ ದೇವರನಾಮ ಬಂತು, ಉಚ್ಚಾರಣೆ ಎಷ್ಟು ಶುದ್ಧ! ಮುಗಿದ ಮೇಲೆ ದೊಡ್ಡಮ್ಮ ವೇದಿಕೆಯ ಹತ್ತಿರ ಹೋಗಿ ಆ ಹುಡುಗಿಯ ಕೈ ಹಿಡಿದುಕೊಂಡು ಕನ್ನಡದಲ್ಲೇ ಮಾತಾಡಿದರು. ಆ ಹುಡುಗಿಗೆ ಎಷ್ಟು ತಿಳಿಯಿತೋ, ಬಗ್ಗಿ ಕಾಲು ಮುಟ್ಟಿದಳು. ಮಧ್ಯಾಹ್ನದ ಕಛೇರಿಗಳಿಗೆ ಖಂಡಿತ ಹೋಗಿ ಅಂತ ಇದಕ್ಕೇ ಹೇಳುವುದು. ನಾಳೆಯ ದೊಡ್ಡ ಹೆಸರುಗಳು ಇವತ್ತು ಅಲ್ಲಿ ಹಾಡುತ್ತಿರುತ್ತವೆ, ಮುಂದಿನ ಸಾಲು ಖಾಲಿ ಇರುತ್ತದೆ. ಆಮೇಲೆ ಸಭಾದ ಕ್ಯಾಂಟೀನಿನಲ್ಲಿ ಎಲೆ ಹಾಕಿಸಿಕೊಂಡು ಕೂತರೆ ಅಕ್ಕಪಕ್ಕದವರು ಯಾವ ಕಛೇರಿ ಚೆನ್ನಾಗಿತ್ತು, ಸಂಜೆ ಎಲ್ಲಿಗೆ ಹೋಗಬೇಕು ಅಂತ ತಾವಾಗೇ ಹೇಳುತ್ತಾರೆ.

ಸಂಜೆಯ ದೊಡ್ಡ ಕಛೇರಿ ಬೇಕೇ ಬೇಕು ಅನ್ನುವವರು ಟಿಕೆಟ್ಟನ್ನು ಸಭಾದಿಂದಲೇ ಕೊಳ್ಳಿ. ಅವರದೇ ವೆಬ್‌ಸೈಟ್, ಇಲ್ಲವೇ ಅಲ್ಲಿ ಹೆಸರಿಸಿರುವ ಬುಕಿಂಗ್ ತಾಣ, ಇಲ್ಲವೇ ಕೌಂಟರ್. ಸೀಸನ್ ಟಿಕೆಟ್ಟು ಮೊದಲು ಸದಸ್ಯರಿಗೆ ಹೋಗುತ್ತದೆ, ಮಿಕ್ಕದ್ದು ಬೇಗ ಮುಗಿಯುತ್ತದೆ. ಹೊರಗಿನವನೊಬ್ಬನ ಕೈಯಲ್ಲಿ ಹತ್ತಾರು ಪಾಸು ಇದೆ ಅಂದರೆ ಅದೇ ಅನುಮಾನಕ್ಕೆ ಕಾರಣ. ದಿನದ ಟಿಕೆಟ್ಟು ಕೌಂಟರಿನಲ್ಲಿ ಕೊಡುವ ಸಭಾಗಳಿವೆ, ಬೆಳಿಗ್ಗೆ ಬೇಗ ಹೋಗಿ ವಿಚಾರಿಸಿ. ರೂಮು ನೀವೇ ನೋಡಿ, ಲಾಡ್ಜಿಗೆ ನೇರ ಫೋನ್ ಮಾಡಿ ನಿಮ್ಮ ಹೆಸರಿನಲ್ಲಿ ಬುಕ್ ಆಗಿದೆಯೇ ಅಂತ ಕೇಳಿ. ಮೈಲಾಪುರದಲ್ಲಿ ಸಿಗದಿದ್ದರೆ ಮಾಂಬಲಂ, ಎಗ್ಮೋರ್ ಕಡೆ ನೋಡಬಹುದು, ಲೋಕಲ್ ರೈಲು ಇದೆ. ಮೈಲಾಪುರಕ್ಕೇ ಹೋಗುವುದಾದರೆ ಸೆಂಟ್ರಲ್ ಎದುರಿನ ಪಾರ್ಕ್ ಟೌನ್‌ನಿಂದ ತಿರುಮಯಿಲೈ ಸ್ಟೇಷನ್ನಿಗೆ ರೈಲಿದೆ. ಇನ್ನೊಂದು ವಿಷಯ, ಅದು ಹಿಂಗಾರು ಮಳೆಯ ತಿಂಗಳು. 2015ರ ಪ್ರವಾಹ, 2023ರ ಮಿಚಾಂಗ್ ಚಂಡಮಾರುತ ಎರಡೂ ಡಿಸೆಂಬರ್ ಮೊದಲ ವಾರದಲ್ಲೇ ಚೆನ್ನೈಯನ್ನು ಮುಳುಗಿಸಿದವು. ರದ್ದು ಮಾಡಿದರೆ ಹಣ ಹಿಂದಕ್ಕೆ ಬರುವಂಥ ಬುಕಿಂಗೇ ಮಾಡಿ.

ಈಗಾಗಲೇ ದುಡ್ಡು ಹಾಕಿದವರು ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯುಪಿಐ ವ್ಯವಹಾರದ ರೆಫರೆನ್ಸ್ ನಂಬರು, ಹಾಕಿದ ಸಮಯ, ಖಾತೆಯ ಹೆಸರು ಕೈಯಲ್ಲಿರಲಿ. ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಹಿಡಿಸಬಹುದು, ಗಂಟೆಗಳು ಕಳೆದಷ್ಟೂ ಅದು ಬೇರೆ ಖಾತೆಗಳಿಗೆ ಸಾಗಿಹೋಗುತ್ತದೆ. ನಮಗೆ ಮೋಸ ಗೊತ್ತಾಗುವ ಹೊತ್ತಿಗೆ ಹಣ ಹಾಕಿ ವಾರಗಳೇ ಆಗಿದ್ದವು. ದೂರಿನ ನಂಬರು ಸಿಕ್ಕಿದೆ, ಹಣ ಇನ್ನೂ ಬಂದಿಲ್ಲ. ಬ್ಯಾಂಕಿಗೂ ಅದೇ ದಿನ ಲಿಖಿತ ದೂರು ಕೊಡಿ. ವಾಟ್ಸಾಪ್ ಮೆಸೇಜುಗಳ ಸ್ಕ್ರೀನ್‌ಶಾಟ್ ಮೊದಲು ತೆಗೆದಿಟ್ಟುಕೊಳ್ಳಿ, ಅವನು ಅಳಿಸುವ ಮುಂಚೆ. ನಿಮ್ಮ ಸಂಗೀತದ ಗುಂಪಿನಲ್ಲಿ ಈ ಪ್ಯಾಕೇಜ್ ಮೆಸೇಜು ಕಂಡರೆ ಅಡ್ಮಿನ್‌ಗೆ ಇವತ್ತೇ ತಿಳಿಸಿ. ಆ ಗುಂಪುಗಳಲ್ಲಿ ಇರುವವರಲ್ಲಿ ಬಹಳ ಮಂದಿ ದೊಡ್ಡಮ್ಮನ ವಯಸ್ಸಿನವರು.