"ವಾಟರ್‌ಪ್ರೂಫ್ ಇಂಟೇಕ್" ಅಂತ ಮಾರ್ತಾರೆ, ನಂಬೋಕೆ ಮುಂಚೆ ಬಂಪರ್ ಬಿಚ್ಚಿಸಿ ನೋಡಿ

ಕಾರಿಗೆ ಕೋಲ್ಡ್ ಏರ್ ಇಂಟೇಕ್ (ಇಂಜಿನ್ನಿಗೆ ಹೊರಗಿನ ತಣ್ಣಗಿನ ಗಾಳಿ ಎಳ್ಕೊಳ್ಳೋ ಪೈಪು, ಫಿಲ್ಟರ್) ಹಾಕಿಸ್ಕೊಂಡು ಬೆಂಗಳೂರಲ್ಲಿ ಓಡಾಡ್ತಿರೋರು, ಹಾಕಿಸ್ಬೇಕು ಅಂತಿರೋರು ಇದನ್ನ ಪೂರ್ತಿ ಓದಿ. ಮಳೆಗಾಲಕ್ಕೆ ಮುಂಚೆನೇ ಓದಿ. ಇಂಜಿನ್ ಕೂತ್ಮೇಲೆ ಓದಿ ಏನೂ ಪ್ರಯೋಜನ ಇಲ್ಲ.

ವಿಷಯ ಇಷ್ಟು. ನಮ್ಮದು 1.5 ಲೀಟರ್ ಪೆಟ್ರೋಲ್ ಸೆಡಾನ್, ಟರ್ಬೊ ಇಲ್ಲ. ಜೆ.ಸಿ. ರಸ್ತೆ ಕಡೆಯ ಒಂದು ಅಂಗಡಿಯವರು ಇಂಟೇಕ್ ಪೈಪು, ಫಿಲ್ಟರ್ ಮೇಲೆ ನೀರು ತಡೆಯೋ ಸಾಕ್ಸ್, ಬೈಪಾಸ್ ವಾಲ್ವ್, ಹೀಗೆ ಮೂರಕ್ಕೂ ಬೇರೆ ಬೇರೆ ದುಡ್ಡು ಇಸ್ಕೊಂಡು ಫಿಟ್ ಮಾಡಿದ್ರು. "ಇನ್ನು ಕೆರೆಗೇ ಇಳಿಸಿ ಸರ್, ಏನೂ ಆಗಲ್ಲ." ಇದೇ ಮಾತು. ಆಮೇಲೆ ಬೆಳ್ಳಂದೂರು ಕಡೆ ರಿಂಗ್ ರೋಡಿನ ಸರ್ವಿಸ್ ರೋಡಲ್ಲಿ ನಿಂತ ನೀರು, ಅರ್ಧ ಚಕ್ರಾನೂ ಮುಳುಗಿರಲಿಲ್ಲ. ಪಕ್ಕದಲ್ಲಿ ಬಸ್ ಹೋಯ್ತು, ಅದರ ಅಲೆ ಬಂತು, ಇಂಜಿನ್ ಟಕ್ ಅಂತ ನಿಂತ್ಹೋಯ್ತು. ಏನೂ ಹಾಕಿಸದ ಹಳೇ ಆಲ್ಟೊಗಳು ಅದೇ ನೀರಲ್ಲಿ ಆರಾಮಾಗಿ ದಾಟಿ ಹೋದ್ವು. ನಮ್ಮ ಇಂಜಿನ್ನಲ್ಲಿ ಎರಡು ಕಾನ್‌ರಾಡ್ (ಪಿಸ್ಟನ್ನನ್ನ ಕ್ರ್ಯಾಂಕಿಗೆ ಜೋಡಿಸೋ ರಾಡು) ಬೆಂಡ್.

ಹೊಟ್ಟೆ ಉರಿದಿದ್ದು ನೀರಿಗಲ್ಲ. ಬೆಂಗಳೂರಲ್ಲಿ ಮಳೆ ಬಂದ್ರೆ ನೀರು ನಿಲ್ಲುತ್ತೆ. 2022ರ ಸೆಪ್ಟೆಂಬರಲ್ಲಿ ಇದೇ ಔಟರ್ ರಿಂಗ್ ರೋಡಲ್ಲಿ ಏನಾಯ್ತು ಅಂತ ಎಲ್ರಿಗೂ ನೆನಪಿದೆ. ಹೊಟ್ಟೆ ಉರಿದಿದ್ದು ಲಿಫ್ಟ್ ಮೇಲೆ ಕಾರು ಏರಿಸಿ ಬಂಪರ್ ಇಳಿಸಿದಾಗ.

ಫಿಲ್ಟರ್ ಎಲ್ಲಿತ್ತು ಗೊತ್ತಾ? ಎಡಗಡೆ ಫಾಗ್ ಲ್ಯಾಂಪ್ ಹಿಂದೆ, ಚಕ್ರದ ಎದುರಿಗೆ. ನೆಲದಿಂದ ಫಿಲ್ಟರಿನ ಕೆಳ ಅಂಚಿಗೆ ಟೇಪ್ ಹಿಡಿದ್ರೆ 24 ಸೆಂಟಿಮೀಟರ್. 185/60 ಆರ್15 ಟೈರಿನ ಪೂರ್ತಿ ಎತ್ತರ 60 ಸೆಂ.ಮೀ., ಅರ್ಧ ಚಕ್ರ ಅಂದ್ರೆ 30. ಅಂದ್ರೆ ನೀರು ಅರ್ಧ ಚಕ್ರ ಮುಟ್ಟೋ ಹೊತ್ತಿಗೆ ಫಿಲ್ಟರ್ ಆಗಲೇ ನೀರೊಳಗೆ. ಇದೇ ಕಾರಿನ ಕಂಪನಿ ಏರ್‌ಬಾಕ್ಸ್ (ಫಿಲ್ಟರ್ ಕೂರೋ ಡಬ್ಬಿ) ಗಾಳಿ ಎಳೀತಿದ್ದದ್ದು ಬಾನೆಟ್ ಅಂಚಿನ ಕೆಳಗಿಂದ, ಹೆಡ್‌ಲೈಟಿಗಿಂತ ಮೇಲೆ. ಅಲ್ಲಿಂದ ಬಂದ ಒಂದಿಷ್ಟು ಹನಿ ಬಾಕ್ಸಿನ ತಳದ ತೂತಿಂದ ಹೊರಗೆ ಹೋಗೋ ಹಾಗೆ ಮಾಡಿರ್ತಾರೆ. ಆ ವ್ಯವಸ್ಥೆ ಪೂರ್ತಿ ಕಿತ್ತು ಬಿಸಾಕಿ, ಫಿಲ್ಟರ್ ತಂದು ಮೊಣಕಾಲಿಗಿಂತ ಕೆಳಗೆ ನೇತುಹಾಕಿದಾರೆ. "ಅಲ್ಲೇ ಸರ್ ತಣ್ಣಗಿನ ಗಾಳಿ ಸಿಗೋದು." ಹೌದು, ತಣ್ಣೀರೂ ಅಲ್ಲೇ ಸಿಗೋದು.

ಇಷ್ಟಾದ್ರೆ ಪರವಾಗಿಲ್ಲ ಅನ್ಬಹುದಿತ್ತು. ಚಕ್ರಕ್ಕೂ ಫಿಲ್ಟರಿಗೂ ಮಧ್ಯೆ ಇರ್ಬೇಕಾದ ಫೆಂಡರ್ ಲೈನರ್, ಅಂದ್ರೆ ಚಕ್ರದ ಎರಚಲು ತಡೆಯೋ ಪ್ಲಾಸ್ಟಿಕ್ ಹೊದಿಕೆ, ಇಲ್ಲ! ಪೈಪ್ ತೂರಿಸೋಕೆ ಅಂತ ಅರ್ಧ ಲೈನರನ್ನ ಕಟ್ಟರಲ್ಲಿ ಕುಯ್ದು, ಉಳಿದಿದ್ದನ್ನ ಎರಡು ಝಿಪ್ ಟೈ ಹಾಕಿ ಒಳಕ್ಕೆ ಮಡಚಿ ಕಟ್ಟಿದ್ರು. ಕುಯ್ದ ಅಂಚು ಹಲ್ಲುಹಲ್ಲಾಗಿತ್ತು, ಅದರ ಮೇಲೆ ಕೆಸರು ಒಣಗಿ ಕೂತಿತ್ತು. ಅಂದ್ರೆ ಅಲೆ ಬರೋದೂ ಬೇಡ, ಮುಂದಿನ ಟೈರೇ ಪ್ರತಿ ಮಳೆಗೂ ನೇರ ಫಿಲ್ಟರಿಗೆ ನೀರು ಎರಚ್ತಾ ಇತ್ತು. ಸಾಕ್ಸ್ ಕೈಗೆ ತಗೊಂಡ್ರೆ ಕರೀ ಹೂಳು, ರಾಜಕಾಲುವೆ ವಾಸನೆ.

ಈಗ ವಾಲ್ವ್ ವಿಷಯಕ್ಕೆ ಬನ್ನಿ. ಹೇಳ್ಕೊಳ್ಳೋಕೂ ಮುಜುಗರ ಆಗುತ್ತೆ.

ಬೈಪಾಸ್ ವಾಲ್ವ್ ಕೆಲಸ ಮಾಡೋದು ಹೀಗೆ. ಇಂಟೇಕ್ ಪೈಪಿನ ಮಧ್ಯೆ ಒಂದು ಬಳೆ, ಅದರ ಸುತ್ತ ಸೀಳುಗಳು, ಒಳಗೆ ಮೆತ್ತನೆ ಪೊರೆ, ಹೊರಗೆ ಫೋಮ್. ಫಿಲ್ಟರ್ ಚೆನ್ನಾಗಿ ಉಸಿರಾಡ್ತಾ ಇದ್ರೆ ಪೊರೆ ಮುಚ್ಚಿರುತ್ತೆ. ಫಿಲ್ಟರ್ ನೀರಲ್ಲಿ ಮುಳುಗಿದ್ರೆ ಪೈಪ್ ಒಳಗೆ ಎಳೆತ ಜಾಸ್ತಿ ಆಗಿ ಪೊರೆ ಒಳಕ್ಕೆ ಬಗ್ಗುತ್ತೆ, ಗಾಳಿ ಆ ಸೀಳಿಂದ ಬರುತ್ತೆ. ಗಾಳಿಗೆ ಬೇರೆ ದಾರಿ ಸಿಕ್ಕಿದ್ಮೇಲೆ ಎಳೆತ ಮುರಿಯುತ್ತೆ, ನೀರು ಪೈಪಲ್ಲಿ ಮೇಲಕ್ಕೆ ಏರಲ್ಲ. ಒಳ್ಳೇ ಐಡಿಯಾನೇ. ಆದ್ರೆ ಇದಕ್ಕೆ ವಾಲ್ವ್ ನೀರಿಗಿಂತ ಮೇಲೆ ಇರ್ಬೇಕು. ಪೈಪಿನ ಅತಿ ಎತ್ತರದ ಜಾಗದಲ್ಲಿ, ಥ್ರಾಟಲ್ ಬಾಡಿ (ಇಂಜಿನ್ನಿಗೆ ಗಾಳಿ ಬಿಡೋ ಬಾಗಿಲು) ಕಡೆ. ಒಳಗೆ ಹೋಗೋ ಗಾಳಿ ಅಳೆಯೋ ಮಾಸ್ ಏರ್‌ಫ್ಲೋ ಸೆನ್ಸರ್ ಇದ್ರೆ ಫಿಲ್ಟರಿಗೂ ಸೆನ್ಸರಿಗೂ ಮಧ್ಯೆ, ಇಲ್ದಿದ್ರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಇಂಜಿನ್ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಓಡುತ್ತೆ. ಟರ್ಬೊ, ಸೂಪರ್‌ಚಾರ್ಜರ್ ಇರೋ ಇಂಜಿನ್ನಿಗೆ ಇದನ್ನ ಹಾಕ್ಲೇಬಾರದು.

ಇವ್ರು ಎಲ್ಲಿ ಹಾಕಿದ್ರು? ಫಿಲ್ಟರಿನ ಬೆನ್ನಿಗೇ, ಬಂಪರ್ ಒಳಗೆ, ಪೈಪಿನ ಅತಿ ತಗ್ಗಿನ ಬೆಂಡಲ್ಲಿ. ಫಿಲ್ಟರ್ ಜೊತೆ ವಾಲ್ವೂ ಮುಳುಗಿದೆ. ಫಿಲ್ಟರ್ ಕಟ್ಟಿಕೊಂಡ ತಕ್ಷಣ ವಾಲ್ವ್ ತನ್ನ ಕೆಲಸ ಸರಿಯಾಗೇ ಮಾಡಿದೆ: ಬಾಯಿ ತೆರೆದು ನೀರು ಕುಡಿದಿದೆ. ದುಡ್ಡು ಕೊಟ್ಟು ನೀರಿಗೆ ಇನ್ನೊಂದು ಬಾಗಿಲು ಹಾಕಿಸ್ಕೊಂಡ ಹಾಗಾಯ್ತು.

ಅಂಗಡಿಗೆ ಫೋಟೋ ಕಳಿಸಿದ್ಮೇಲೆ ಬಂದ ಉತ್ತರಗಳು, ಬಂದ ಕ್ರಮದಲ್ಲೇ. ಮೊದಲು: "ಸ್ಪೀಡಾಗಿ ಹೋಗಿರ್ತೀರ ಸರ್." ಆಮೇಲೆ: "ಬೆಂಗಳೂರು ಮಳೆ ಸರ್, ಕಂಪನಿ ಕಾರುಗಳೇ ಆಫ್ ಆಗ್ತವೆ, ನಾವೇನ್ ಮಾಡೋಣ." ವಾಲ್ವ್ ಯಾಕೆ ಕೆಳಗಿದೆ ಅಂದ್ರೆ: "ಮೇಲೆ ಜಾಗ ಇಲ್ಲ ಸರ್, ಬ್ಯಾಟರಿ ಅಡ್ಡ ಬರುತ್ತೆ." ಜಾಗ ಇಲ್ಲ ಅಂದ್ಮೇಲೆ ಯಾಕೆ ಮಾರಿದ್ರಿ ಅಂದ್ರೆ ಒಂದು ವಾಯ್ಸ್ ಮೆಸೇಜು. ಅದನ್ನ ಕೇಳಿದ ಮೆಕ್ಯಾನಿಕ್‌ಗಳೆಲ್ಲ ನಕ್ರು: "ಅದು ವಾಟರ್ ವಾಲ್ವ್ ಅಲ್ವಾ ಸರ್, ನೀರ್ ಬರೋ ಜಾಗದಲ್ಲೇ ಇರ್ಬೇಕು." ಇವ್ರು ಕಾರುಗಳ ಇಂಜಿನ್ನಿಗೆ ಕೈ ಹಾಕ್ತಿದಾರೆ! ಕೊನೆಗೆ, ಹಳೇ ಏರ್‌ಬಾಕ್ಸ್ ಆದ್ರೂ ವಾಪಸ್ ಕೊಡಿ ಅಂದ್ರೆ, "ಅದು ಗುಜರಿಗೆ ಹೋಯ್ತು ಸರ್. ಬೇಕಿದ್ರೆ ಶಾರ್ಟ್ ರಾಮ್ ಹಾಕೊಡ್ತೀವಿ, ಡಿಸ್ಕೌಂಟಲ್ಲಿ." ಶಾರ್ಟ್ ರಾಮ್ ಅಂದ್ರೆ ಬಾನೆಟ್ ಒಳಗೇ ಕೂರೋ ಗಿಡ್ಡ ಇಂಟೇಕ್.

ಸಾಕ್ಸ್ ಬಗ್ಗೆಯೂ ಹೇಳ್ಬಿಡ್ತೀನಿ, ಯಾಕಂದ್ರೆ ಅದನ್ನೇ ಜನ ಜಾಸ್ತಿ ನಂಬೋದು. ಆ ಬಟ್ಟೆ ನೀರಿನ ಹನಿ ಜಾರಿಸುತ್ತೆ, ಎರಚಲು ತಡೆಯುತ್ತೆ, ಅಷ್ಟೇ. ಮುಳುಗಿದ್ರೆ ತಡೆಯಲ್ಲ. ಫುಲ್ ಥ್ರಾಟಲಲ್ಲಿ 3,000 ಆರ್‌ಪಿಎಂಗೆ ಈ ಸೈಜಿನ ಇಂಜಿನ್ ನಿಮಿಷಕ್ಕೆ ಸುಮಾರು 2,000 ಲೀಟರ್ ಗಾಳಿ ಎಳೆಯುತ್ತೆ. ಗಾಳಿ ಸಿಗದೇ ಇದ್ರೆ ಅದೇ ಎಳೆತ ನೀರಿನ ಮೇಲೆ ಬೀಳುತ್ತೆ. ಬರೀ ಒಂದು ಕಿಲೋಪಾಸ್ಕಲ್ ಎಳೆತ ನೀರನ್ನ 10 ಸೆಂ.ಮೀ. ಮೇಲೆತ್ತುತ್ತೆ. ಬಂಪರಿಂದ ಥ್ರಾಟಲ್ ಬಾಡಿವರೆಗೆ ಎಷ್ಟು ಎತ್ತರ ಅಂತ ನೀವೇ ಅಳೀರಿ. ಇನ್ನೊಂದು ಮಾತು ಯಾರೂ ಹೇಳಲ್ಲ: ನಮ್ಮೂರ ರಸ್ತೆ ನೀರು ಬರೀ ಮಳೆ ನೀರಲ್ಲ, ಸೋಪಿನ ನೀರು, ಚರಂಡಿ, ಆಯಿಲ್ ಎಲ್ಲಾ ಸೇರಿರುತ್ತೆ. ಬೆಳ್ಳಂದೂರು ಕೆರೆ ನೊರೆ ನೋಡಿದೀರಲ್ಲ. ಸೋಪು ಸೇರಿದ ನೀರು ಇಂಥ ಬಟ್ಟೆ ಮೇಲೆ ಹನಿಯಾಗಿ ನಿಲ್ಲಲ್ಲ, ನೆನೆದು ಒಳಗೆ ಹೋಗುತ್ತೆ. ಅಂಗಡಿ ಡೆಮೊದಲ್ಲಿ ಬಿಸ್ಲೇರಿ ನೀರು ಸುರಿದು ತೋರಿಸ್ತಾರೆ!

ಎಷ್ಟು ನೀರು ಸಾಕು ಅಂತ ಲೆಕ್ಕ ಹಾಕಿ. ನಾಲ್ಕು ಸಿಲಿಂಡರ್, ಒಂದೊಂದು 375 ಸಿಸಿ, ಕಂಪ್ರೆಷನ್ ರೇಶಿಯೋ 10 (ಗಾಳಿನ ಹತ್ತರಲ್ಲಿ ಒಂದು ಪಾಲಿಗೆ ಒತ್ತೋದು) ಅಂದ್ಕೊಳ್ಳಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯೋ ಜಾಗ ಸುಮಾರು 40 ಎಂ.ಎಲ್. ಬೈಟೂ ಕಾಫೀಲಿ ನಿಮ್ಮ ಪಾಲಿಗೆ ಬರೋದಕ್ಕಿಂತ ಕಮ್ಮಿ. ಅದಕ್ಕಿಂತ ಜಾಸ್ತಿ ನೀರು ಸೇರಿದ್ರೆ ಪಿಸ್ಟನ್ ಮೇಲೆ ಬರೋಕಾಗಲ್ಲ, ಗಾಳಿನ ಒತ್ತಬಹುದು, ನೀರನ್ನ ಒತ್ತೋಕಾಗಲ್ಲ, ಬಗ್ಗೋದು ರಾಡು. ಡೀಸೆಲಲ್ಲಿ ಕಂಪ್ರೆಷನ್ ಜಾಸ್ತಿ, ಹಾಗಾಗಿ ಇದಕ್ಕಿಂತ ಕಮ್ಮಿ ನೀರೇ ಸಾಕು.

ನೀರಲ್ಲಿ ನಿಂತ್ರೆ ಸೆಲ್ಫ್ ಹೊಡೀಬೇಡಿ. ಒಂದು ಸಲಾನೂ ಬೇಡ. "ಒಂದ್ಸಲ ಹೊಡೆದು ನೋಡಿ ಸರ್" ಅಂತ ನಾಲ್ಕು ಜನ ಸುತ್ತ ಸೇರಿ ಹೇಳ್ತಾರೆ, ಹೊಡೀಬೇಡಿ. ಅಂಡರ್‌ಪಾಸ್ ಆಗಿದ್ರೆ ಕಾರಿನ ಚಿಂತೆನೇ ಬಿಡಿ, ಇಳಿದು ಮೇಲೆ ಬನ್ನಿ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಲ್ಲಿ ಕಾರು ಮುಳುಗಿ ಜೀವಾನೇ ಹೋಗಿದೆ. ನೀರು ಇಳಿದ ಮೇಲೆ ಬ್ಯಾಟರಿ ನೆಗೆಟಿವ್ ಬಿಚ್ಚಿ, ಫ್ಲಾಟ್‌ಬೆಡ್ ಕರೆಸಿ. ಗೇರಲ್ಲಿ ತಳ್ಳಿ ಸ್ಟಾರ್ಟ್ ಮಾಡೋ ಸಾಹಸ ಬೇಡ.

ಗ್ಯಾರೇಜಲ್ಲಿ ಮುಂದೆ ನಿಂತು ಮಾಡಿಸಿ. ಇಂಜೆಕ್ಟರ್ ಫ್ಯೂಸ್ ತೆಗೆದು, ಕಾಯಿಲ್, ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ, ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸ್ಬೇಕು. ಪ್ಲಗ್ ತೂತಿಂದ ನೀರು ಚಿಮ್ಮುತ್ತೆ. ಎಲ್ಲಾದ್ರೂ ಗಟ್ಟಿಯಾಗಿ ನಿಂತ್ರೆ ಬಲ ಹಾಕ್ಬೇಡಿ, ಹೆಡ್ ಬಿಚ್ಚೋದೇ ದಾರಿ. ತಿರುಗಿದ್ರೆ, ಪ್ಲಗ್ ಹಾಕದೇ ಸೆಲ್ಫಲ್ಲಿ ಸುತ್ತಿಸಿ ಉಳಿದ ನೀರು ಹೊರಗೆ ಹಾಕಿ, ಪ್ರತಿ ಸಿಲಿಂಡರಿಗೂ ಒಂದು ಚಮಚ ಇಂಜಿನ್ ಆಯಿಲ್ ಬಿಡಿ. ಡಿಪ್‌ಸ್ಟಿಕಲ್ಲಿ ಆಯಿಲ್ ಬೆಳ್ಳಗಾಗಿದ್ರೆ ಬದಲಾಯಿಸಿ, ಸ್ವಲ್ಪ ಓಡಿಸಿ ಮತ್ತೆ ಬದಲಾಯಿಸಿ. ಟರ್ಬೊ ಕಾರಾದ್ರೆ ಇಂಟರ್‌ಕೂಲರಿನ ಕೆಳಗಿನ ಹೋಸ್ ಬಿಚ್ಚಿ ಖಾಲಿ ಮಾಡಿಸಿ. ಅಲ್ಲಿ ನಿಂತ ನೀರು ಆಮೇಲೆ ಆಕ್ಸಿಲೇಟರ್ ಒತ್ತಿದಾಗ ಒಳಗೆ ಬರುತ್ತೆ.

"ಸ್ಟಾರ್ಟ್ ಆಯ್ತು ಸರ್, ತಗೊಂಡ್ಹೋಗಿ" ಅಂದ್ರೆ ತಗೊಂಡು ಹೋಗ್ಬೇಡಿ! ಸ್ವಲ್ಪ ಬೆಂಡ್ ಆದ ರಾಡಲ್ಲೂ ಇಂಜಿನ್ ಸ್ಟಾರ್ಟ್ ಆಗುತ್ತೆ, ಓಡುತ್ತೆ. ಆಮೇಲೆ ಎಲ್ಲೋ ಹೈವೇಲಿ ರಾಡ್ ಮುರಿದು ಬ್ಲಾಕ್ ಸೀಳಿಕೊಂಡು ಹೊರಗೆ ಬರುತ್ತೆ. ನಾಲ್ಕೂ ಸಿಲಿಂಡರ್ ಕಂಪ್ರೆಷನ್ ಬರೆಸ್ಕೊಳ್ಳಿ, ಒಂದು ಉಳಿದವಕ್ಕಿಂತ ಶೇ. 10–15 ಕಮ್ಮಿ ಇದ್ರೆ ಅನುಮಾನ ಪಡಿ. ರಾಡ್ ಗಿಡ್ಡ ಆದ್ರೆ ಪಿಸ್ಟನ್ ಮೊದಲಿನಷ್ಟು ಮೇಲೆ ಬರಲ್ಲ, ಪ್ಲಗ್ ತೂತಿಂದ ಡಯಲ್ ಗೇಜ್ ಇಟ್ಟು ನಾಲ್ಕೂ ಪಿಸ್ಟನ್ ಎತ್ತರ ಹೋಲಿಸಿದ್ರೆ ಗೊತ್ತಾಗುತ್ತೆ. ನಮ್ಮ ಕಾರಲ್ಲಿ ಎರಡನೇದು, ಮೂರನೇದು ಸಿಕ್ಕಿಬಿದ್ದಿದ್ದು ಹೀಗೇ.

ಇನ್ಶೂರೆನ್ಸ್ ಕಥೆ ಚಿಕ್ಕದು. ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೇ ದುಡ್ಡು ಕೊಡೋ ಆಡ್-ಆನ್) ಇದ್ರೆ ಸಾಕು ಅಂದ್ಕೋಬೇಡಿ. ನೀರು ನುಗ್ಗಿ ಇಂಜಿನ್ ಹಾಳಾದ್ರೆ ಇಂಜಿನ್ ಪ್ರೊಟೆಕ್ಷನ್ ಆಡ್-ಆನ್ ಬೇಕು. ಆಡ್-ಆನ್ ಇದ್ರೂ ಸರ್ವೇಯರ್ ಬಾನೆಟ್ ಎತ್ತಿದ ತಕ್ಷಣ ನೋಡೋದು ಆ ಹೊಳೆಯೋ ಪೈಪನ್ನೇ. ಪಾಲಿಸೀಲಿ ತಿಳಿಸದ ಮಾಡಿಫಿಕೇಶನ್ ಅಂತ ಬರೆದ್ಕೊಂಡು ಹೋದ್ರೆ ಕ್ಲೇಮ್ ಅಲ್ಲಿಗೇ ಒದ್ದಾಡುತ್ತೆ. ಹಾಕಿಸೋಕೆ ಮುಂಚೆ ಇಮೇಲಲ್ಲಿ ತಿಳಿಸಿ ಉತ್ತರ ಇಟ್ಕೊಳ್ಳಿ.

ಇಷ್ಟೆಲ್ಲಾ ಕೇಳಿದ್ಮೇಲೂ ಹಾಕಿಸ್ತೀನಿ ಅಂದ್ರೆ, ಫಿಲ್ಟರ್ ಹೆಡ್‌ಲೈಟಿಗಿಂತ ಕೆಳಗೆ ಇಳಿಯೋ ಕಿಟ್ಟೇ ಬೇಡ. ಸೌಂಡ್ ಬೇಕಾದ್ರೆ ಬಾನೆಟ್ ಒಳಗೆ ಮೇಲೆ ಕೂರೋ ಶಾರ್ಟ್ ರಾಮ್, ಸುತ್ತ ಹೀಟ್ ಶೀಲ್ಡ್. ಬಿಸಿ ಗಾಳಿಗೆ ಪವರ್ ಒಂದಿಷ್ಟು ಹೋಗುತ್ತೆ, ಹೋಗ್ಲಿ ಬಿಡಿ, ಸಿಲ್ಕ್ ಬೋರ್ಡಲ್ಲಿ ಆ ಪವರ್ ಇಟ್ಕೊಂಡು ಏನ್ ಮಾಡ್ತೀರ. ಇಲ್ಲಾಂದ್ರೆ ಮೇಯಿಂದ ನವೆಂಬರ್ ತನಕ ಕಂಪನಿ ಏರ್‌ಬಾಕ್ಸೇ ಇರ್ಲಿ. ಟೆನ್ ಎಂಎಂ ಸ್ಪ್ಯಾನರು, ಸ್ಕ್ರೂಡ್ರೈವರ್ ಇದ್ರೆ ಹೆಚ್ಚಿನ ಕಾರುಗಳಲ್ಲಿ ಮನೇಲೇ ಬದಲಾಯಿಸ್ಬಹುದು. ಅದಕ್ಕೇ ಏರ್‌ಬಾಕ್ಸ್, ಸ್ನಾರ್ಕೆಲ್ (ಗಾಳಿ ಎಳೆಯೋ ಮೂತಿ), ರೆಸೊನೇಟರ್ (ಸದ್ದು ತಗ್ಗಿಸೋ ಡಬ್ಬಿ), ಲೈನರ್, ಕ್ಲಿಪ್ಪುಗಳು, ಎಲ್ಲಾನೂ ಅಂಗಡಿಯಿಂದ ಅವತ್ತೇ ಡಿಕ್ಕಿಗೆ ಹಾಕ್ಕೊಂಡು ಬನ್ನಿ. ಲೈನರಿಗೆ ಕಟ್ಟರ್ ಹಿಡಿದ್ರೆ ಅಲ್ಲೇ ನಿಲ್ಲಿಸಿ. ನೆಲದಿಂದ ಫಿಲ್ಟರಿಗೆ ಎಷ್ಟು, ವಾಲ್ವಿಗೆ ಎಷ್ಟು ಅಂತ ಟೇಪ್ ಹಿಡಿದು ಫೋಟೋ ತೆಗೀರಿ, ಆ ಎತ್ತರ ಬಿಲ್ಲಲ್ಲಿ ಬರೆಸಿ. ಬರೆಯಲ್ಲ ಅಂದ್ರೆ ದುಡ್ಡು ಕೊಡ್ಬೇಡಿ.