ಮೈಸೂರಿನ ತಾರಸಿಗೆ 40 ಮೀಟರೋ, 20 ಮೀಟರೋ?

ಹ್ಯಾಮ್ ರೇಡಿಯೋಗೆ (ಹವ್ಯಾಸಿಗಳು ಪರಸ್ಪರ ಮಾತಾಡುವ ರೇಡಿಯೋ) ಒಂದೇ ಆಂಟೆನಾ ತಂತಿ ಕಟ್ಟುವಷ್ಟು ಜಾಗ, ದುಡ್ಡು ಇರುವವರು 40 ಮೀಟರ್ ಬ್ಯಾಂಡಿಗೇ ಕಟ್ಟಿ. 40, 20 ಅನ್ನುವುದು ಅಲೆಯ ಉದ್ದ: 40 ಅಂದರೆ 7 ಮೆಗಾಹರ್ಟ್ಸ್, 20 ಅಂದರೆ 14. 20 ಇರುವುದು ದೂರದೂರಿನ ನೆಂಟರಿಗೆ, 40 ಅಕ್ಕಪಕ್ಕದ ಊರಿಗೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಬೆಂಗಳೂರು, ಮಂಗಳೂರಿನವರ ಹತ್ತಿರ ಮಾತಾಡುವ ಅಭ್ಯಾಸದವರಿಗೆ 20ರಲ್ಲಿ ಕೆಲಸವಿಲ್ಲ.

ಕಾರಣ ಇಷ್ಟೆ. ಹಗಲಲ್ಲಿ 7 ಮೆಗಾಹರ್ಟ್ಸ್ ನೆತ್ತಿಯ ಮೇಲಕ್ಕೆ ಹೋದರೂ ಮೇಲಿನ ವಾತಾವರಣದ ಎಫ್ ಪದರದಿಂದ ವಾಪಸ್ ಬಂದು ಮಂಡ್ಯ, ಬೆಂಗಳೂರಿನ ಮೇಲೆ ಬೀಳುತ್ತದೆ. 14 ಮೆಗಾಹರ್ಟ್ಸ್ ಸಾಮಾನ್ಯವಾಗಿ ಪದರವನ್ನು ತೂರಿ ಹೋಗುತ್ತದೆ. ಓರೆಯಾಗಿ ಹೋದದ್ದು ಮಾತ್ರ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಸೂರ್ಯನ ಚಟುವಟಿಕೆ ಜೋರಿರುವ ವರ್ಷಗಳ ಮಧ್ಯಾಹ್ನ ಈ ಸ್ಕಿಪ್ (ಅಲೆ ಇಳಿಯದೆ ದಾಟಿಹೋಗುವ ದೂರ) ಕುಗ್ಗುವುದುಂಟು, ಅದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ.

40ರ ನಿಜವಾದ ತಲೆನೋವು ಸಂಜೆಯದು. ಭಾರತದಲ್ಲಿ ನಮಗಿರುವುದು 7.000ರಿಂದ 7.200 ಮೆಗಾಹರ್ಟ್ಸ್, ಬರೀ 200 ಕಿಲೋಹರ್ಟ್ಸ್. 7.074ರ ಸುತ್ತ ಎಫ್‌ಟಿ8 (ಕಂಪ್ಯೂಟರ್ ಮೂಲಕ ನಡೆಯುವ ಡಿಜಿಟಲ್ ಸಂಕೇತ) ಗಿಜಿಗಿಜಿ, 7.200 ದಾಟಿದರೆ ಪ್ರಸಾರ ಕೇಂದ್ರಗಳ ಅಬ್ಬರ. ಕತ್ತಲಾದ ಮೇಲೆ ಪ್ರೀಆಂಪ್ (ಸಿಗ್ನಲ್ ಹಿಗ್ಗಿಸುವ ಸರ್ಕ್ಯೂಟ್) ಹಾಕಿಕೊಂಡು ಕೂತರೆ ರಿಸೀವರ್ ಉಸಿರುಗಟ್ಟಿ, ಯಾರ ದನಿಯೂ ಇಲ್ಲದ ಕಡೆಯೂ ಗುಂಯ್‌ಗುಡುತ್ತದೆ. ಪ್ರೀಆಂಪ್ ಆಫ್, ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವುದು) ಆನ್, ಕೇಳುವ ಅಗಲ ಕಿರಿದಾಗಿಸುವ ಫಿಲ್ಟರ್ 2.1 ಕಿಲೋಹರ್ಟ್ಸ್. ಆಮೇಲೆ ಹಿನ್ನೆಲೆ ಮೊರೆತ ತಗ್ಗುವವರೆಗೆ ಆರ್‌ಎಫ್ ಗೇನ್ (ರಿಸೀವರಿನ ಸೂಕ್ಷ್ಮತೆ) ಇಳಿಸಿ. ಆಕಾಶದ ಗದ್ದಲವೇ ರಿಸೀವರ್ ಗದ್ದಲಕ್ಕಿಂತ ಎಷ್ಟೋ ಹೆಚ್ಚಿರುವುದರಿಂದ ಕೇಳಬೇಕಾದ ದನಿಯೇನೂ ಕಳೆದುಹೋಗುವುದಿಲ್ಲ.

ಗೇನ್ ಮತ್ತೆ ಪೂರ್ತಿ ಏರಿಸಿ, ಯಾರೂ ಮಾತಾಡದ ಕಡೆ ನೋಡಿದಾಗಲೂ ಎಸ್-ಮೀಟರ್ (ಸಿಗ್ನಲ್ ಬಲ ತೋರಿಸುವ ಮಾಪಕ) ಎಸ್7ರಿಂದ ಇಳಿಯದಿದ್ದರೆ ಅದು ಬ್ಯಾಂಡಿನ ತಪ್ಪಲ್ಲದೆ ಮನೆಯದಿರಬಹುದು. ರಿಗ್ಗನ್ನು (ರೇಡಿಯೋ ಸೆಟ್ಟು) 12 ವೋಲ್ಟ್ ಬ್ಯಾಟರಿಗೆ ಹಾಕಿ ಮನೆಯ ಮೇನ್ ಇಳಿಸಿ. ಮೊರೆತ ನಿಂತರೆ ಎಂಸಿಬಿಗಳನ್ನೆಲ್ಲ ಇಳಿಸಿ ಮೇನ್ ಹಾಕಿ, ಅವನ್ನು ಒಂದೊಂದಾಗಿ ಮೇಲೆತ್ತುತ್ತಾ ಕಳ್ಳನನ್ನು ಹಿಡಿಯಿರಿ: ಅಗ್ಗದ ಎಲ್‌ಇಡಿ ಬಲ್ಬಿನ ಡ್ರೈವರ್, ಮೊಬೈಲ್ ಚಾರ್ಜರ್, ಸೋಲಾರ್ ಇನ್ವರ್ಟರ್. ನಿಲ್ಲದಿದ್ದರೆ ಪಕ್ಕದ ಮನೆಯದಿರಬಹುದು. ಅವರ ಹತ್ತಿರ ನಯವಾಗಿ ಮಾತಾಡಬೇಕಷ್ಟೆ. ಆಂಟೆನಾದಿಂದ ರಿಗ್ಗಿಗೆ ಬರುವ ಕೋಆಕ್ಸ್ ಕೇಬಲ್ಲಿನ ಹೊರಮೈಯಲ್ಲೇ ಗದ್ದಲ ಏರಿ ಬರುವುದೂ ಉಂಟು. ಆಂಟೆನಾ ಸೇರುವಲ್ಲಿ 31 ಮಿಕ್ಸ್ ಅನ್ನುವ ಬಗೆಯ ಫೆರೈಟ್ ರಿಂಗಿಗೆ (ಗದ್ದಲ ತಡೆಯುವ ಕಾಂತೀಯ ಬಳೆ) ಕೇಬಲ್ಲನ್ನು ಹತ್ತು ಹನ್ನೆರಡು ಸುತ್ತು ಸುತ್ತಿ.

ಜಾಗದ ಲೆಕ್ಕ: ಡೈಪೋಲ್ (ನಡುವೆ ಕೇಬಲ್ ಸೇರಿ ಎರಡು ಕಡೆ ಸಮವಾಗಿ ಚಾಚುವ ತಂತಿ) ಅಲೆಯ ಅರ್ಧದಷ್ಟು ಉದ್ದ; 143 ಭಾಗಿಸು 7.1, ಅಂದರೆ ಸುಮಾರು 20 ಮೀಟರ್, ಒಂದು ಕಡೆಗೆ 10. 30-40 ಸೈಟಿನ ಕರ್ಣವೇ ಐವತ್ತಡಿ, ನೇರ ಕೂರದು. ನಡುವೆ ಇಪ್ಪತ್ತಡಿ ಪೈಪು ನಿಲ್ಲಿಸಿ, ಎದುರುಬದುರು ಮೂಲೆಗಳಲ್ಲಿ ಏಳಡಿ ಬಿದಿರು ಕಟ್ಟಿ ತಂತಿಯನ್ನು ಇಳಿಜಾರಾಗಿ ಎಳೆಯಿರಿ. ಪ್ರತಿ ಕಡೆ ಉಳಿಯುವ ಒಂದೂವರೆ ಮೀಟರ್‌ನಷ್ಟನ್ನು ಅದೇ ಎತ್ತರದಲ್ಲಿ ಪಕ್ಕಕ್ಕೆ ನೈಲಾನ್ ಹಗ್ಗದಿಂದ ಎಳೆದು ಕಟ್ಟಿ. ತುದಿಯಲ್ಲಿ ವೋಲ್ಟೇಜ್ ಜಾಸ್ತಿ, ಏಳಡಿ ಎತ್ತರ ಕೈ ಎತ್ತಿದರೆ ಎಟುಕೀತು, ಮಾತಾಡುವಾಗ ಬಟ್ಟೆ ಒಣಹಾಕುವವರು ಹತ್ತಿರ ಇರದಂತೆ ನೋಡಿಕೊಳ್ಳಿ. ಮೊದಲು ಒಂದು ಕಡೆಗೆ 10.3 ಮೀಟರಿನಂತೆ ಕತ್ತರಿಸಿ, ಎಸ್‌ಡಬ್ಲ್ಯುಆರ್ (ತಂತಿ ರಿಗ್ಗಿಗೆ ಎಷ್ಟು ಹೊಂದಿದೆ ಅನ್ನುವ ಅಳತೆ) ನೋಡಿಕೊಂಡು ಮೊಟಕು ಮಾಡಿ.

20ಕ್ಕೆ ಇದರ ಅರ್ಧ ತಂತಿ ಸಾಕು, ಗದ್ದಲವೂ ಕಡಿಮೆ, 350 ಕಿಲೋಹರ್ಟ್ಸ್ ಅಗಲ. ಬ್ಯಾಂಡು ತೆರೆದಿದೆಯೇ (ದೂರದವರು ಕೇಳಿಸುತ್ತಾರೆಯೇ) ಎಂದು ನೋಡಲು 14.100ರಲ್ಲಿ ಮೂರು ನಿಮಿಷ ಕಿವಿಗೊಡಿ. ಜಗತ್ತಿನ ಬೇರೆಬೇರೆ ಕಡೆಯಿಂದ ಗುರುತು ಕಳಿಸುವ 18 ಬೀಕನ್‌ಗಳು ತಲಾ ಹತ್ತು ಸೆಕೆಂಡಿನಂತೆ ಸರದಿಯಲ್ಲಿ ಬರುವ ಏರ್ಪಾಟಿದೆ. ಈ ಸವಲತ್ತು 40ರಲ್ಲಿಲ್ಲ.

ಆದರೂ ಖರ್ಚು ನೋಡಿದರೆ 40ರ ತಂತಿಯೇ ಲಾಭ. ಅದೇ ಡೈಪೋಲ್, ಟ್ಯೂನರ್ (ತಂತಿಯನ್ನು ರಿಗ್ಗಿಗೆ ಹೊಂದಿಸುವ ಪೆಟ್ಟಿಗೆ) ಇಟ್ಟರೆ 21 ಮೆಗಾಹರ್ಟ್ಸ್‌ಗೂ ಒಗ್ಗುತ್ತದೆ. ವಿದೇಶದ ಆಸೆಗೆ ಬೇರೆ ತಂತಿ ಕೊಳ್ಳಬೇಕಿಲ್ಲ.